ಬಿತ್ತುವಟ್ಟ ಅಂದ್ರೆ ಏನು ಸಾರ್? ಅಗರದ ಶಾಸನದಿಂದ ವೃಷಭಾವತಿ ಕಣಿವೆಯ ಮಕ್ಕಳಿಗೆ ಒಂದು ನೀರಿನ ಪಾಠ

ಬಸವೇಶ್ವರನಗರದ ಒಂದು ಶಾಲೆಯಲ್ಲಿ ಏಳನೇ ತರಗತಿ ಮಕ್ಕಳಿಗೆ ನೀರಿನ ಬಗ್ಗೆ ಒಂದು ಗಂಟೆ ಮಾತಾಡಿ ಅಂತ ಪರಿಚಯದ ಮೇಷ್ಟ್ರೊಬ್ಬರು ಕರೆದಿದ್ದರು. 2024ರ ಬೇಸಿಗೆ ಕಳೆದ ಮೇಲಿನ ಮಾತು ಇದು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ಬೆಲೆ ಏರಿ, ಊರಿಗೆ ಊರೇ ನೀರಿನ ವಿಷಯ ಮಾತಾಡುತ್ತಿದ್ದ ಕಾಲ. ನಾನು ಎಲ್ಲರಂತೆ ಶುರು ಮಾಡಿದೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಬೇಕು, ಷವರ್ ಬದಲು ಬಕೆಟ್ ಬಳಸಬೇಕು, ಇತ್ಯಾದಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ‘ಸಾರ್, ನಮ್ಮನೇಲಿ ನಲ್ಲೀನೇ ಇಲ್ಲ. ಬೀದಿ ಕೊನೇಲಿರೋ ಸಿಂಟೆಕ್ಸ್‌ನಿಂದ ಬಿಂದಿಗೇಲಿ ತರ್ತೀವಿ. ನಾವೇನು ಉಳಿಸ್ಬೇಕು?’

ಉತ್ತರ ನನ್ನ ಹತ್ತಿರ ಇರಲಿಲ್ಲ. ಹೊತ್ತು ತರುವ ಮಗುವಿಗೆ ಒಂದು ಕೊಡದ ತೂಕ ನನಗಿಂತ ಚೆನ್ನಾಗಿ ಗೊತ್ತು. ಅವಳಿಗೆ ಮಿತವ್ಯಯದ ಪಾಠ ಹೇಳಲು ಹೋಗಿದ್ದು ನನ್ನ ತಪ್ಪು. ಮಾತು ಬದಲಿಸಿ ಕೇಳಿದೆ: ನೀರು ಎಲ್ಲಿಂದ ಬರುತ್ತೆ? ‘ಸಂಪಿಂದ.’ ಸಂಪಿಗೆ? ‘ಕಾವೇರಿ ಬಿಡ್ತಾರೆ.’ ಯಾರು ಬಿಡ್ತಾರೆ? ‘ವಾಲ್‌ಮ್ಯಾನ್.’ ಸರಿ, ಮಳೆ ಬಂದಾಗ ನಿಮ್ಮ ಶಾಲೆ ಅಂಗಳದ ನೀರು ಎಲ್ಲಿಗೆ ಹೋಗುತ್ತೆ? ‘ಮೋರಿಗೆ.’ ಮೋರಿ ಎಲ್ಲಿಗೆ ಹೋಗುತ್ತೆ? ತರಗತಿ ನಿಶ್ಶಬ್ದ. ಮೇಷ್ಟ್ರೂ ನನ್ನ ಮುಖ ನೋಡಿದರು.

ಆ ವಾರ ಮನೆಗೆ ಬಂದು ನಾನು ನೀರಿನ ಪುಸ್ತಕಗಳನ್ನು ತೆಗೆಯಲಿಲ್ಲ, ಶಾಸನ ಸಂಪುಟಗಳನ್ನು ತೆಗೆದೆ. ಈ ಬ್ಲಾಗಿನ ಓದುಗರಿಗೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದ ಪರಿಚಯ ಬೇಕಿಲ್ಲ. 1905ರಲ್ಲಿ ಬಂದ ಬೆಂಗಳೂರು ಜಿಲ್ಲೆಯ ಸಂಪುಟ ಅದು. ನಾವೆಲ್ಲ ಅದನ್ನು ಓದುವುದು ಯಾವ ರಾಜ, ಯಾವ ಇಸವಿ, ಯಾವ ಊರಿನ ಹಳೆಯ ಹೆಸರು ಅಂತ ಹುಡುಕಲು. ಈ ಸಲ ಬೇರೆ ಕಣ್ಣಿಂದ ನೋಡಿದೆ. ಒಬ್ಬ ಏಳನೇ ಕ್ಲಾಸಿನ ಹುಡುಗಿಗೆ ಇದರಲ್ಲಿ ಏನಿದೆ?

ಸಿಕ್ಕಿದ್ದು ಅಗರದ ಕಲ್ಲು. ಅಗರ ನಮ್ಮ ಕಡೆಯದಲ್ಲ. ಊರಿನ ಆಗ್ನೇಯಕ್ಕೆ, ಎಚ್.ಎಸ್.ಆರ್. ಬಡಾವಣೆ ಪಕ್ಕದಲ್ಲಿದೆ. ಪಶ್ಚಿಮದ ಮಕ್ಕಳಿಗೆ ಅಲ್ಲಿಯ ಕಲ್ಲು ಯಾಕೆ ಅಂದರೆ, ಕೆರೆಯ ವ್ಯವಹಾರವನ್ನು ಅಷ್ಟು ಚಿಕ್ಕದಾಗಿ, ಅಷ್ಟು ಪೂರ್ತಿಯಾಗಿ ಹೇಳುವ ಬರಹ ಬೆಂಗಳೂರಿನ ಸುತ್ತ ನನ್ನ ಕಣ್ಣಿಗೆ ಬಿದ್ದಿಲ್ಲ. ಕಾಲ ಸುಮಾರು ಕ್ರಿ.ಶ. 870. ಗಂಗರ ಸತ್ಯವಾಕ್ಯ ಪೆರ್ಮನಡಿ ಆಳುತ್ತಿದ್ದಾನೆ, ಅವನ ಕೈಕೆಳಗೆ ನಾಗತ್ತರ. ಬೇಗೂರು ಶಾಸನಗಳನ್ನು ಓದಿದವರಿಗೆ ಈ ನಾಗತ್ತರನ ಹೆಸರು ಹೊಸದಲ್ಲ. ಇರುಗಮಯ್ಯನ ಮಗ ಸಿರಿಮಯ್ಯ ಎಂಬವನು ಇರ್ವ್ವುಲಿಯೂರಿನ ಗಾವುಂಡ. ಇದು ಇಂದಿನ ಇಬ್ಬಲೂರು ಅಂತ ಗುರುತಿಸುತ್ತಾರೆ. ಈ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿದ, ಮೂಡಲಲ್ಲಿ ಒಂದು ಹೊಸ ಕೆರೆ ಕಟ್ಟಿಸಿದ, ಮೂರೂ ಕೆರೆಗಳ ಬಿತ್ತುವಟ್ಟವನ್ನು ಪಡೆದ. ಶಾಸನದ ಹುರುಳು ಇಷ್ಟೇ.

ಮುಂದಿನ ವಾರ ಬೋರ್ಡ್ ಮೇಲೆ ಮೂರು ಸಾಲು ಬರೆದೆ. ತೂಬು ಇಟ್ಟ. ಕೆರೆ ಕಟ್ಟಿದ. ಬಿತ್ತುವಟ್ಟ ಪಡೆದ.

ಮೊದಲ ಪ್ರಶ್ನೆ ತೂಬಿನ ಬಗ್ಗೆಯೇ ಬಂತು. ನಗರದ ಮಕ್ಕಳು ತೂಬು ನೋಡಿರುವುದು ಹೇಗೆ? ಒಂದು ಪ್ಲಾಸ್ಟಿಕ್ ಟ್ರೇ ತಂದು ಜೇಡಿಮಣ್ಣಿನಲ್ಲಿ ಏರಿ ಕಟ್ಟಿದೆವು. ಹಿಂದೆ ನೀರು ಹುಯ್ದೆವು. ನೀರು ನಿಂತಿತು. ಈಗ ಮುಂದಿನ ಗದ್ದೆಗೆ ನೀರು ಬೇಕು, ಏನು ಮಾಡ್ತೀರಾ? ಒಬ್ಬ ಹುಡುಗ ಬೆರಳಿಂದ ಏರಿಯನ್ನು ಕೊರೆದ. ಒಂದು ನಿಮಿಷದಲ್ಲಿ ಏರಿಯೆಲ್ಲಾ ಕೊಚ್ಚಿಹೋಗಿ ಮೇಜಿನ ಮೇಲೆ, ನನ್ನ ಪುಸ್ತಕದ ಮೇಲೆ ಕೆಸರು. ಎರಡನೇ ಸಲ ಏರಿಯ ಬುಡದಲ್ಲಿ ಪೆನ್ನಿನ ಕೊಳವೆ ಇಟ್ಟು ಕಡ್ಡಿಯಿಂದ ಮುಚ್ಚಿದರು. ಕಡ್ಡಿ ಎಳೆದರೆ ನೀರು, ತುರುಕಿದರೆ ಬಂದ್. ಮೂರನೇ ಸಲ ನೀರು ಜಾಸ್ತಿ ಹುಯ್ದಾಗ ಏರಿಯ ನೆತ್ತಿಯಿಂದ ಉಕ್ಕಿ ಮತ್ತೆ ಒಡೆಯಿತು. ಆಗ ಕೋಡಿ ಯಾಕೆ ಬೇಕು ಅಂತ ಹೇಳಬೇಕಾಗಲೇ ಇಲ್ಲ, ಅವರೇ ಒಂದು ಪಕ್ಕದಲ್ಲಿ ತಗ್ಗು ಮಾಡಿದರು.

ಇಲ್ಲಿ ಶಾಸನಾಸಕ್ತರು ಒಂದು ಕ್ಷಣ ನಿಲ್ಲಬೇಕು. ಸಿರಿಮಯ್ಯ ತೂಬು ಇಡಿಸುವ ಮುಂಚೆಯೇ ಆ ಎರಡು ಕೆರೆಗಳು ಇದ್ದವು. ಕಟ್ಟಿದವರ ಹೆಸರನ್ನು ಈ ಕಲ್ಲು ಹೇಳುವುದಿಲ್ಲ. ಇದ್ದ ಕೆರೆಯನ್ನು ಸರಿಪಡಿಸಿದ್ದಕ್ಕೂ, ಹೊಸ ಕೆರೆ ಕಟ್ಟಿದ್ದಕ್ಕೂ ಒಂದೇ ಕಲ್ಲು, ಒಂದೇ ಮನ್ನಣೆ. ನಾವು ‘ಕೆರೆ ಕಟ್ಟಿಸಿದ’ ಅನ್ನುವ ಮಾತಿಗೆ ಮರುಳಾಗಿ ದುರಸ್ತಿಯ ಮಾತನ್ನು ಹಾರಿಸಿ ಓದುತ್ತೇವೆ. ಶಾಸನಗಳ ಕೊನೆಯಲ್ಲಿ ಬರುವ, ನಮಗೆಲ್ಲ ಬಾಯಿಪಾಠವಾಗಿರುವ ಆ ಸಂಸ್ಕೃತ ಶ್ಲೋಕದ ತಾತ್ಪರ್ಯವೂ ಅದೇ ಅಲ್ಲವೇ? ಕೊಡುವುದು, ಕೊಟ್ಟದ್ದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಮೇಲು. ಬೇರೆಯವರು ಕೊಟ್ಟದ್ದನ್ನು ಕಾಯುವುದು ಇನ್ನೂ ಮೇಲು.

ಹಿಂದೆ ಹೋದಷ್ಟೂ ಇದೇ ಕಾಣುತ್ತೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಹೆಸರಿರುವ ಪ್ರಾಕೃತ ಬರಹ ಕೆರೆಯದ್ದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭವನ್ನು ನಾವು ಕದಂಬರ ವಂಶಾವಳಿಗಾಗಿ ಉದ್ಧರಿಸುತ್ತೇವೆ. ಮಯೂರಶರ್ಮ ಕಂಚಿಗೆ ಹೋದ, ಪಲ್ಲವರ ಕುದುರೆಸವಾರನ ಜತೆ ಜಗಳವಾಯಿತು ಅಂತ ಎಲ್ಲ ಪಾಠಪುಸ್ತಕದಲ್ಲೂ ಇದೆ. ಆದರೆ ಕುಬ್ಜ ಕವಿ ಆ ಕಾವ್ಯವನ್ನು ಬರೆದ ಸಂದರ್ಭ, ಶಿವಾಲಯದ ಪಕ್ಕದಲ್ಲಿ ಕಾಕುತ್ಸ್ಥವರ್ಮ ಮಾಡಿಸಿದ ಕೆರೆ. ಕೆರೆ ಇಲ್ಲದಿದ್ದರೆ ಕದಂಬರ ಈ ಕಥೆ ನಮಗೆ ಈ ರೂಪದಲ್ಲಿ ಸಿಗುತ್ತಿರಲಿಲ್ಲ. ಇದನ್ನು ಮಕ್ಕಳಿಗೆ ಹೇಳಿದಾಗ ಒಬ್ಬ ಕೇಳಿದ, ‘ಹಂಗಾದ್ರೆ ಪರೀಕ್ಷೇಲಿ ಕೆರೆ ಬಗ್ಗೆ ಯಾಕೆ ಕೇಳಲ್ಲ?’ ಇದಕ್ಕೂ ಉತ್ತರ ಇರಲಿಲ್ಲ.

ಮೂರನೇ ಸಾಲಿಗೆ ಬಂದೆವು. ‘ಬಿತ್ತುವಟ್ಟ ಅಂದ್ರೆ ಏನು ಸಾರ್?’

ಕೆರೆ ಕಟ್ಟಿದವನಿಗೆ ಅಥವಾ ನೋಡಿಕೊಳ್ಳುವವನಿಗೆ, ಆ ಕೆರೆಯ ನೀರಿನಿಂದ ಬೆಳೆಯುವ ಭೂಮಿಯಲ್ಲಿ ಬಿಟ್ಟುಕೊಡುವ ಪಾಲು ಬಿತ್ತುವಟ್ಟ. ಗಂಗರ ಕಾಲದಿಂದ ಈ ಪದ ಕಲ್ಲುಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಮುಂದೆ ಕಟ್ಟುಕೊಡಗೆ, ಕೆರೆಗೊಡಗೆ ಅನ್ನುವ ಪದಗಳು ಬಂದವು. ವಿಜಯನಗರದ ಹೊತ್ತಿಗೆ ದಶವಂದ ಹೆಚ್ಚು ಕಾಣುತ್ತದೆ, ಹೆಸರೇ ಹೇಳುವಂತೆ ಹತ್ತನೇ ಒಂದು ಪಾಲಿನ ಲೆಕ್ಕದಿಂದ ಹುಟ್ಟಿದ್ದು. ಹೂಳು ಹೊರಲು ಬಂಡಿ, ಬಂಡಿ ಎಳೆಯಲು ಕೋಣ, ಅದನ್ನು ಹೊಡೆಯುವವನಿಗೆ ಕೂಲಿ, ಇದಕ್ಕೆಲ್ಲ ಭೂಮಿ ಬಿಟ್ಟ ಶಾಸನಗಳು ಬೇಕಾದಷ್ಟಿವೆ. ತೂಬು ತೆಗೆದು ಹಾಕಿ, ಸರದಿ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುವವನು ನೀರುಗಂಟಿ. ಅವನಿಗೂ ಬೆಳೆಯಲ್ಲಿ ಪಾಲು ಇತ್ತು. ‘ಅಂದ್ರೆ ವಾಲ್‌ಮ್ಯಾನ್’ ಅಂತ ಮಕ್ಕಳು ಒಟ್ಟಿಗೆ ಕೂಗಿದರು. ನನಗೆ ಇಪ್ಪತ್ತು ವರ್ಷ ಶಾಸನ ಓದಿದರೂ ಈ ಹೋಲಿಕೆ ಹೊಳೆದಿರಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ.

ಬಿತ್ತುವಟ್ಟದ ಜಾಣತನ ಎಲ್ಲಿದೆ ನೋಡಿ. ಕೆರೆ ಕಟ್ಟಿದವನ ಆದಾಯ ಅದೇ ಕೆರೆ ಕೆಳಗಿನ ಅಚ್ಚುಕಟ್ಟಿನಲ್ಲಿ ಇದೆ. ಏರಿ ಬಿರುಕು ಬಿಟ್ಟರೆ, ತೂಬು ಕಟ್ಟಿಕೊಂಡರೆ, ಮೊದಲು ಒಣಗುವುದು ಅವನ ಗದ್ದೆಯೇ. ಅವನು ಪುಣ್ಯವಂತನೋ ಅಲ್ಲವೋ, ಕೆರೆ ಕಡೆ ಕಣ್ಣಿಡಲೇಬೇಕು. ಹಳೆಯ ಕಾಲದವರು ನಮಗಿಂತ ಒಳ್ಳೆಯವರು ಅಂತ ಮಕ್ಕಳಿಗೆ ಹೇಳುವುದು ನನಗೆ ಇಷ್ಟವಿಲ್ಲ. ಅವರು ಮನುಷ್ಯನ ಆಸೆಯನ್ನೂ ಲೆಕ್ಕಕ್ಕೆ ಹಿಡಿದಿದ್ದರು, ಅಷ್ಟೇ.

ಬಿಂದಿಗೆಯ ಹುಡುಗಿ ಇಲ್ಲಿಯೂ ಸುಮ್ಮನಿರಲಿಲ್ಲ. ‘ಸಿರಿಮಯ್ಯನೇ ಮಣ್ಣು ಹೊತ್ನಾ?’ ಇಲ್ಲ. ‘ಹೊತ್ತೋರ ಹೆಸ್ರು ಕಲ್ಲಲ್ಲಿ ಇದ್ಯಾ?’ ಇಲ್ಲ. ಮಣ್ಣು ಕೆಲಸಕ್ಕೆ ಹೆಸರಾದ ಭೋವಿ ಜನರ ಬಗ್ಗೆ ಹೇಳಿದೆ, ನಮ್ಮ ನಾಡಿನ ಎಷ್ಟೋ ಕೆರೆಗಳ ಮಣ್ಣು ಅವರ ತಲೆ ಮೇಲಿನ ಬುಟ್ಟಿಯಲ್ಲಿ ಹೋಗಿದೆ ಅಂದೆ. ಊರಿನ ಕೆರೆ ಎಲ್ಲರದ್ದೂ ಆಗಿರಲಿಲ್ಲ, ಎಲ್ಲ ಜಾತಿಯವರೂ ಒಂದೇ ಮೆಟ್ಟಿಲಿಳಿದು ನೀರು ಮೊಗೆಯುವ ಹಾಗಿರಲಿಲ್ಲ ಅಂತಲೂ ಹೇಳಿದೆ. ಮೇಷ್ಟ್ರಿಗೆ ಸ್ವಲ್ಪ ಕಸಿವಿಸಿಯಾಯಿತು. ಮಕ್ಕಳಿಗೆ ಆಗಲಿಲ್ಲ.

ಆಮೇಲೆ ಒಂದು ದಿನ ಪೊರುಮಾಮಿಳ್ಳದ ಶಾಸನ ತೆಗೆದುಕೊಂಡು ಹೋದೆ. ಈಗಿನ ಆಂಧ್ರದ ಕಡಪ ಸೀಮೆಯಲ್ಲಿರುವ ಊರು, 1369ರ ಸಂಸ್ಕೃತ ಶಾಸನ. ಬುಕ್ಕರಾಯನ ಮಗ ಭಾಸ್ಕರ ಭವದೂರ ಕಟ್ಟಿಸಿದ ಕೆರೆಯದ್ದು. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಅಂತ ಲೆಕ್ಕವನ್ನೂ ಕೊಡುತ್ತದೆ. ಆದರೆ ಅದರ ನಿಜವಾದ ಬೆಲೆ ಬೇರೆ ಕಡೆ ಇದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಬರುವ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಜಲವಿದ್ಯೆ ತಿಳಿದವನು, ಗಟ್ಟಿ ನೆಲ, ದೂರದಿಂದ ಬರುವ ಸಿಹಿನೀರಿನ ಹೊಳೆ, ಎರಡು ಬೆಟ್ಟಗಳ ಮಧ್ಯೆ ಹೆಚ್ಚು ಉದ್ದವಿಲ್ಲದ ಭದ್ರ ಕಟ್ಟೆ, ಹತ್ತಿರದಲ್ಲಿ ಕಲ್ಲಿನ ಗಣಿ, ಕೆಳಗೆ ಸಮತಟ್ಟಾದ ಫಲವತ್ತು ಭೂಮಿ, ನುರಿತ ಕೆಲಸಗಾರರು, ಹೀಗೆ. ಇದನ್ನು ಬರೆಸಿದವರಿಗೆ ಕೆರೆ ಎಂದರೆ ನೀರು ನಿಂತ ಗುಂಡಿ ಮಾತ್ರ ಅಲ್ಲ. ಮೇಲಿನ ಬೆಟ್ಟದಿಂದ ಕೆಳಗಿನ ಗದ್ದೆವರೆಗಿನದ್ದೆಲ್ಲ ಕೆರೆಯೇ. ಪಾಠಪುಸ್ತಕ ‘ಜಲಾನಯನ ಪ್ರದೇಶ’ ಅಂತ ಬಾಯಿಗೆ ಸಿಗದ ಪದದಲ್ಲಿ ಹೇಳುವುದು ಇದನ್ನೇ.

ದೋಷಗಳ ಪಟ್ಟಿ ಮಕ್ಕಳಿಗೆ ಬಹಳ ಹಿಡಿಸಿತು. ಕಟ್ಟೆಯಿಂದ ನೀರು ಜಿನುಗುವುದು. ಸವುಳು ಮಣ್ಣು. ಎರಡು ರಾಜ್ಯಗಳ ಗಡಿಯಲ್ಲಿ ಇರುವುದು. ‘ಕಾವೇರಿ ಗಲಾಟೆ ಸಾರ್!’ ಅಂತ ಮೂರನೆಯದಕ್ಕೆ ಕೂಗು ಬಂತು. ಕೆರೆಯಂಗಳದ ನಡುವೆ ದಿಬ್ಬ ಇರುವುದು ನಾಲ್ಕನೆಯ ದೋಷ. ಈಗ ಕೆರೆ ಅಭಿವೃದ್ಧಿ ಅಂತ ನಡುವೆ ಮಣ್ಣು ಗುಡ್ಡೆ ಹಾಕಿ ನಡುಗಡ್ಡೆ ಮಾಡುವವರು ಈ ಸಾಲನ್ನು ಒಮ್ಮೆ ಓದಿದರೆ ಒಳ್ಳೆಯದು ಅನ್ನಿಸುತ್ತೆ, ಇರಲಿ. ಐದನೆಯದು, ನೀರು ಕಡಿಮೆ ಇದ್ದು ನೆಲ ವಿಸ್ತಾರವಾಗಿರುವುದು. ಆರನೆಯದು, ನೀರು ಹೆಚ್ಚಾಗಿದ್ದು ನೆಲ ಸಾಲದಿರುವುದು.

ಕೊನೆಯ ಎರಡನ್ನು ಹಿಡಿದು ಒಂದು ಪೂರ್ತಿ ಪಿರಿಯಡ್ ಹೋಯಿತು. ಏಪ್ರಿಲ್ ತಿಂಗಳಲ್ಲಿ ನಮ್ಮ ಬೀದಿಗೆ ಯಾವ ದೋಷ? ಐದನೆಯದು. ಸೆಪ್ಟೆಂಬರ್‌ನಲ್ಲಿ? ಆರನೆಯದು. ಒಂದೇ ಬೀದಿಗೆ ವರ್ಷದಲ್ಲಿ ಎರಡೂ ದೋಷ ಹೇಗೆ ಬರುತ್ತೆ? ಮಕ್ಕಳೇ ತಲೆ ಕೆರೆದುಕೊಂಡು ಹೇಳಿದರು: ಮೊದಲು ಮಣ್ಣಿತ್ತು, ಈಗ ಕಾಂಕ್ರೀಟು, ಮೊದಲು ಕೆರೆ ಇತ್ತು, ಈಗ ಮೈದಾನ. ಮೈದಾನದ ಮಾತು ಸುಮ್ಮನೆ ಬಂದಿದ್ದಲ್ಲ. ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಗಿದೆ, ಶಿವನಹಳ್ಳಿಯದ್ದೂ ಹಾಗೆಯೇ. ಕೇತಮಾರನಹಳ್ಳಿ ಕೆರೆ ರಾಜಾಜಿನಗರದ ಬಡಾವಣೆಯಲ್ಲಿ ಕರಗಿಹೋಗಿದೆ. ಇರುವ ಕೆರೆಗಳನ್ನಾದರೂ ಉಳಿಸಲು ಸರ್ಕಾರ ಎನ್. ಲಕ್ಷ್ಮಣರಾವ್ ಅವರ ಸಮಿತಿ ಮಾಡಿದ್ದು 1985ರಲ್ಲಿ. ಅಷ್ಟು ಹೊತ್ತಿಗೆ ಇವೆಲ್ಲ ಆಗಿಹೋಗಿದ್ದವು. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲ. ಮಳೆನೀರು ಹಳೆಯ ದಾರಿ ಹುಡುಕಿಕೊಂಡು ಬಂದು, ಕೆರೆ ಇದ್ದ ಕಡೆ ಕಟ್ಟಿಕೊಂಡವರ ಮನೆ ಬಾಗಿಲಲ್ಲಿ ನಿಲ್ಲುತ್ತದೆ.

ಮೋರಿ ಎಲ್ಲಿಗೆ ಹೋಗುತ್ತೆ ಅನ್ನುವ ಮೊದಲ ದಿನದ ಪ್ರಶ್ನೆ ಹಾಗೇ ಉಳಿದಿತ್ತಲ್ಲ. ಅದಕ್ಕೆ ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೊರಟೆವು. ಎರಡು ಟೆಂಪೋ ಟ್ರಾವೆಲರ್, ನಾಲ್ಕು ಜನ ದೊಡ್ಡವರು, ಚಿತ್ರಾನ್ನದ ಡಬ್ಬಿಗಳು.

ಮೊದಲು ಮಲ್ಲೇಶ್ವರದ ಕಾಡು ಮಲ್ಲೇಶ್ವರ. ಅಲ್ಲಿಯ 1669ರ ಶಾಸನ ನಮಗೆಲ್ಲ ಗೊತ್ತಿರುವುದೇ: ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಏಕೋಜಿ ಮೇದರನಿಂಗನಹಳ್ಳಿಯನ್ನು ಬಿಟ್ಟ ದತ್ತಿ. ಮಕ್ಕಳಿಗೆ ಸ್ವಾರಸ್ಯ ಅನ್ನಿಸಿದ್ದು, ಹೀಗೆ ಊರು ಬಿಡುವಾಗ ಏನೇನು ಸೇರಿಸಿ ಬಿಡುತ್ತಿದ್ದರು ಅನ್ನುವುದು. ವಿಜಯನಗರದ ಕಾಲದಿಂದ ಈಚಿನ ದತ್ತಿಗಳಲ್ಲಿ ಸಾಮಾನ್ಯವಾಗಿ ಬರುವ ಅಷ್ಟಭೋಗಗಳನ್ನು ಹೇಳಿಕೊಟ್ಟೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ. ಹೂತಿಟ್ಟ ಹೊನ್ನಿನ ಪಕ್ಕದಲ್ಲೇ ನೀರಿನ ಹೆಸರಿದೆ. ಸೈಟಿನ ಕ್ರಯಪತ್ರದಲ್ಲಿ ಈಗಲೂ ನೀರಿನ ಹೆಸರು ಬರುತ್ತಾ ಅಂತ ಮನೆಯಲ್ಲಿ ನೋಡಿಕೊಂಡು ಬನ್ನಿ ಅಂದೆ. ಸೋಮವಾರ ಮೂರು ಮಕ್ಕಳು ಬಂದು ಹೇಳಿದರು, ಇದೆ ಸಾರ್, ನಿಧಿ ನಿಕ್ಷೇಪ ಜಲ ಪಾಷಾಣ ಅಂತಲೇ ಇದೆ! ಛಾಪಾ ಕಾಗದ ಬರೆಯುವವರು ಅರ್ಥ ಗೊತ್ತಿದ್ದೋ ಗೊತ್ತಿಲ್ಲದೆಯೋ ಶಾಸನದ ಭಾಷೆಯನ್ನು ಜೀವಂತ ಇಟ್ಟಿದ್ದಾರೆ.

ದೇವಸ್ಥಾನದ ಎದುರಿಗೇ ದಕ್ಷಿಣಮುಖ ನಂದಿ ತೀರ್ಥ. 1997ರವರೆಗೆ ಮಣ್ಣಿನಡಿ ಹೂತುಹೋಗಿದ್ದ ಕಲ್ಯಾಣಿ. ನಂದಿಯ ಬಾಯಿಂದ ನೀರು ಬಂದು ಕೆಳಗಿನ ಲಿಂಗದ ಮೇಲೆ ಬೀಳುತ್ತದೆ. ವೃಷಭಾವತಿ ಹುಟ್ಟುವುದು ಇಲ್ಲಿಯೇ ಅನ್ನುವವರಿದ್ದಾರೆ. ಬಸವನಗುಡಿಯವರು ಒಪ್ಪುವುದಿಲ್ಲ, ದೊಡ್ಡಬಸವನ ಪಾದದಲ್ಲಿ ಹುಟ್ಟುತ್ತಾಳೆ ಅನ್ನುತ್ತಾರೆ, ಬಸವನ ಪೀಠದ ಬರಹವನ್ನೂ ಸಾಕ್ಷಿ ಕೊಡುತ್ತಾರೆ. ಯಾರ ಮಾತು ಸರಿ ಅಂತ ಮಕ್ಕಳು ನನ್ನನ್ನು ಹಿಡಿದುಕೊಂಡರು. ಟ್ರೇ ನೆನಪಿಸಿದೆ. ನೀರು ಒಂದೇ ತೂತಿನಿಂದ ಬಂತಾ? ಇಲ್ಲ, ಇಳಿಜಾರಿನಲ್ಲಿ ಎಲ್ಲೆಲ್ಲಿ ಚಿಮುಕಿಸಿದೆವೋ ಅಲ್ಲೆಲ್ಲ ಹರಿದು ತಗ್ಗಿಗೆ ಬಂತು. ‘ಹಂಗಾದ್ರೆ ನಮ್ಮ ಶಾಲೆ ತಾರಸೀಲೂ ವೃಷಭಾವತಿ ಹುಟ್ತಾಳೆ!’ ಅಂತ ಒಬ್ಬ ಅಂದ. ಹೌದು, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ತಾರಸಿಗಳಲ್ಲೆಲ್ಲ ಹುಟ್ಟುತ್ತಾಳೆ. ಬೆಂಗಳೂರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆ ಹಾದುಹೋಗಿದೆ. ಅದರ ಪಶ್ಚಿಮದ ಮಳೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಸಿರಿಮಯ್ಯನ ಕೆರೆಗಳ ಕಡೆಗೆ ಬಿದ್ದ ಮಳೆ ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಒಂದೇ ಊರು, ಒಂದೇ ಮೋಡ, ಎರಡು ನದಿ.

ಅಲ್ಲಿಂದ ಮೈಸೂರು ರಸ್ತೆಯ ಗಾಳಿ ಆಂಜನೇಯ. ವ್ಯಾಸರಾಯರ ಪ್ರತಿಷ್ಠೆ ಅಂತ ಪ್ರತೀತಿ, ಎರಡು ಹೊಳೆ ಕೂಡುವ ಜಾಗ ಅಂತ ಕಟ್ಟಿದ್ದು ಅನ್ನುತ್ತಾರೆ. ಜೋರು ಮಳೆಯಲ್ಲಿ ನೀರು ದೇವಸ್ಥಾನದೊಳಕ್ಕೇ ನುಗ್ಗಿದ್ದೂ ಉಂಟು. ಪಕ್ಕದಲ್ಲಿ ಕಾಂಕ್ರೀಟ್ ಗೋಡೆಗಳ ಮಧ್ಯೆ ಕಪ್ಪು ನೀರು. ಮೂಗು ಮುಚ್ಚಿಕೊಂಡು ಒಬ್ಬ ಅಂದ, ‘ಇದು ಕೆಂಗೇರಿ ಮೋರಿ ಅಲ್ವಾ?’ ಅವನ ಅಪ್ಪ ಅಮ್ಮ ಹಾಗೇ ಕರೆಯುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಪೀಠದ ಮೇಲೆ ಕೆತ್ತಿಸಿಕೊಂಡ ನದಿಗೆ ನಮ್ಮ ಕಾಲದಲ್ಲಿ ಉಳಿದಿರುವ ಹೆಸರು ಮೋರಿ.

ನಾಯಂಡಹಳ್ಳಿಯಲ್ಲಿ ನಾಗರಬಾವಿ ಕಡೆಯ ತೊರೆ ಬಂದು ಸೇರುವುದನ್ನು ಮೇಲಿನಿಂದಲೇ ತೋರಿಸಿ, ಕೆಂಗೇರಿ ತನಕ ಹೋಗಿ ಚಿತ್ರಾನ್ನ ತಿಂದೆವು. ಬಿಡದಿ ಹತ್ತಿರದ ಬೈರಮಂಗಲಕ್ಕೆ ಕರೆದೊಯ್ಯಲು ಸಮಯ ಸಾಲಲಿಲ್ಲ, ನಕ್ಷೆಯಲ್ಲಿ ತೋರಿಸಿದೆ. 1940ರ ದಶಕದಲ್ಲಿ ಇದೇ ವೃಷಭಾವತಿಗೆ ಅಡ್ಡಲಾಗಿ ಬೇಸಾಯಕ್ಕೆಂದು ಕಟ್ಟಿದ ಜಲಾಶಯ ಅದು. ಅಂದರೆ ಎಂಬತ್ತು ವರ್ಷದ ಹಿಂದೆ ಈ ನೀರನ್ನು ನಂಬಿ ಅಣೆಕಟ್ಟು ಕಟ್ಟುವಷ್ಟು ಅದು ನೀರಾಗಿತ್ತು. ಈಗ ಅಲ್ಲಿಯ ರೈತರಿಗೆ ಬರುವುದು ನಮ್ಮ ಬಚ್ಚಲು ಮತ್ತು ಕಾರ್ಖಾನೆಗಳ ನೀರು. ಕೆರೆ ಹಾಳು ಮಾಡಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ತಟ್ಟಲಿ ಅನ್ನುವ ಶಾಪಾಶಯವನ್ನು ನಾವು ಇಲ್ಲಿಯವರೆಗೆ ‘ಸಾಂಪ್ರದಾಯಿಕ’ ಅಂತ ಒಂದು ಪದ ಬರೆದು ಮುಂದೆ ಹೋಗುತ್ತಿದ್ದೆವು. ಬೈರಮಂಗಲದ ರೈತನ ಕಡೆಯಿಂದ ನೋಡಿದರೆ ಅದು ಅಷ್ಟೇನೂ ಸಾಂಪ್ರದಾಯಿಕವಲ್ಲ.

ವಾಪಸ್ ಬರುವಾಗ ಇನ್ನೊಂದು ಲೆಕ್ಕ ಹೇಳಿದೆ. ಬೆಂಗಳೂರು ಮೊದಲು ಅರ್ಕಾವತಿಯ ಹೆಸರಘಟ್ಟದಿಂದ ನೀರು ತಂದಿತು, 1890ರ ದಶಕದಲ್ಲಿ. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದೆ 1974ರಿಂದ ಕಾವೇರಿ, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪು ಹೊಡೆದು. ಆ ಕಾವೇರಿ ನೀರು ನಮ್ಮ ಬಚ್ಚಲಿನಿಂದ ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಹೋಗುತ್ತದೆ. ನಮ್ಮ ಮೇಲೆ ಬಿದ್ದ ಮಳೆಯೂ ಅದೇ ದಾರಿಯಲ್ಲಿ, ಮುಟ್ಟಿಸಿಕೊಳ್ಳದೆ, ಹೋಗುತ್ತದೆ.

ಮುಟ್ಟಿಸಿಕೊಂಡವರೂ ಇದ್ದಾರೆ. ವಿಜಯನಗರದಲ್ಲೇ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ ‘ಸೌರಭ’ 1995ರಿಂದ ಮಳೆನೀರಿನಲ್ಲೇ ನಡೆದಿರುವುದು ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಅವರ ಲೆಕ್ಕ ಮಕ್ಕಳಿಗೆ ಅರ್ಥವಾಗುವಷ್ಟು ಸರಳ. ಮನೆಗೆ ದಿನಕ್ಕೆ ಸುಮಾರು 400 ಲೀಟರ್ ಬೇಕು. ಹಳೆಯ ಮಳೆ ದಾಖಲೆ ನೋಡಿದರೆ ಎರಡು ಒಳ್ಳೆಯ ಮಳೆಗಳ ನಡುವಿನ ಒಣ ದಿನಗಳು ಹೆಚ್ಚೆಂದರೆ ನೂರರ ಆಸುಪಾಸು. ಹಾಗಾದರೆ 40,000 ಲೀಟರ್‌ಗಿಂತ ಸ್ವಲ್ಪ ಹೆಚ್ಚು ಹಿಡಿಯುವ ತೊಟ್ಟಿಗಳಿದ್ದರೆ ಸಾಕು. ನೀರು ಎಷ್ಟು, ಅದನ್ನು ನಂಬಿದ್ದು ಎಷ್ಟು ಅಂತ ಪೊರುಮಾಮಿಳ್ಳದವರು ತೂಗಿ ನೋಡಿದ್ದನ್ನೇ ಇವರು ಒಂದು ಮನೆಗೆ ಇಳಿಸಿದ್ದಾರೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 30-40 ಸೈಟು ಸುಮಾರು 111 ಚದರ ಮೀಟರ್. ವರ್ಷಕ್ಕೆ 900 ಮಿಲಿಮೀಟರ್ ಮಳೆ ಹಿಡಿದರೂ ಒಂದು ಲಕ್ಷ ಲೀಟರ್ ಹತ್ತಿರ.

ಮಕ್ಕಳು ಶಾಲೆಯ ತಾರಸಿಯನ್ನು ಹೆಜ್ಜೆಯಲ್ಲಿ ಅಳೆದರು. 30 ಮೀಟರ್ ಉದ್ದ, 10 ಮೀಟರ್ ಅಗಲ. ಇಪ್ಪತ್ತು ಮಿಲಿಮೀಟರ್‌ನ ಒಂದು ಸಂಜೆ ಮಳೆಗೆ 6,000 ಲೀಟರ್. ‘ಒಂದು ಟ್ಯಾಂಕರ್!’ ಅಂದಳು ಬಿಂದಿಗೆಯ ಹುಡುಗಿ. ಅವಳಿಗೆ ಟ್ಯಾಂಕರಿನ ಅಳತೆ ಗೊತ್ತು.

ಹಾಗಾದರೆ ಈ ಶಾಲೆಯಲ್ಲಿ ಮಳೆಕೊಯ್ಲು ಇಲ್ಲವೇ? ಇದೆ. 2009ರ ಕಾನೂನು ಬಂದ ಮೇಲೆ ಎಲ್ಲರಂತೆ ಇವರೂ ಮಾಡಿಸಿದ್ದಾರೆ. ಕಾಂಪೌಂಡ್ ಮೂಲೆಯಲ್ಲಿ ಫಿಲ್ಟರ್ ತೊಟ್ಟಿ, ಪಕ್ಕದಲ್ಲಿ ಇಂಗುಗುಂಡಿ. ಮುಚ್ಚಳ ತೆಗೆದು ನೋಡಿದರೆ ಹೊಂಗೆ ಎಲೆ, ಚಾಕಲೇಟ್ ಕಾಗದ, ಒಂದು ಟೆನಿಸ್ ಬಾಲು. ಜಲ್ಲಿ ಮೇಲೆ ಒಂದು ಗೇಣು ಕೆಸರು ಗಟ್ಟಿಯಾಗಿತ್ತು. ಪೈಪು ಬಿಟ್ಟುಹೋಗಿ ನೀರೆಲ್ಲ ಮೋರಿಗೆ ಹೋಗುತ್ತಿತ್ತು. ಎಷ್ಟು ವರ್ಷವಾಯಿತು ಅಂತ ಯಾರಿಗೂ ನೆನಪಿಲ್ಲ. ಗೋಡೆ ಮೇಲೆ ಮಾತ್ರ ಉದ್ಘಾಟನೆಯ ಕಲ್ಲು, ಗ್ರಾನೈಟಿನದು, ಹೆಸರುಗಳು ಹೊಳೆಯುತ್ತಿವೆ.

ನಾನು ಆ ಕಲ್ಲನ್ನು ಶಾಸನ ಓದುವ ಹಾಗೆಯೇ ಓದಿಸಿದೆ. ಯಾರು ಆಳುತ್ತಿದ್ದರು? ಇದೆ. ದಿನಾಂಕ? ಇದೆ. ಯಾರು ಕಟ್ಟಿಸಿದರು? ಇದೆ. ಯಾರು ನೋಡಿಕೊಳ್ಳಬೇಕು? ಇಲ್ಲ. ಅವರಿಗೆ ಏನು ಸಿಗುತ್ತೆ? ಇಲ್ಲ. ‘ಬಿತ್ತುವಟ್ಟ ಬರ್ದಿಲ್ಲ ಸಾರ್’ ಅಂತ ಮುಂದಿನ ಸಾಲಿನ ಹುಡುಗ ತೀರ್ಪು ಕೊಟ್ಟ.

ಆಮೇಲಿನದ್ದೆಲ್ಲ ಅವರದ್ದೇ. ಮೇಷ್ಟ್ರು ಸಲಿಕೆ, ಬುಟ್ಟಿ, ಕೈಗವಸು ತರಿಸಿದರು. ಪ್ಲಂಬರನ್ನು ಕರೆಸಿ ಪೈಪು ಕೂಡಿಸಿದರು. ಜಲ್ಲಿಯನ್ನು ತೊಳೆದು ಮತ್ತೆ ಹಾಕಲು ಎರಡು ಮಧ್ಯಾಹ್ನ ಹಿಡಿಯಿತು. ಬಿತ್ತುವಟ್ಟ ಏನಿರಬೇಕು ಅಂತ ದೊಡ್ಡ ವಾದವೇ ನಡೆಯಿತು. ಒಬ್ಬ ಮಾರ್ಕ್ಸ್ ಅಂದ, ಮಾರ್ಕ್ಸ್ ಕೊಟ್ಟರೆ ಓದೋರು ಮಾತ್ರ ಬರ್ತಾರೆ ಅಂತ ಇನ್ನೊಬ್ಬಳು ತಳ್ಳಿಹಾಕಿದಳು. ಕೊನೆಗೆ ಹಿತ್ತಿಲಿನ ಖಾಲಿ ಜಾಗದಲ್ಲಿ ಸೊಪ್ಪು ಬೆಳೆಯುವುದು, ಆ ವಾರ ಫಿಲ್ಟರ್ ಶುಚಿ ಮಾಡಿದ ಮೂವರಿಗೆ ಆ ವಾರದ ಸೊಪ್ಪು ಅಂತ ತೀರ್ಮಾನವಾಯಿತು. ಅದೇ ನೀರು, ಅದೇ ನೀರಿನ ಬೆಳೆ, ಅದರಲ್ಲೇ ಪಾಲು. ನಾನು ಹೇಳಿಕೊಟ್ಟಿದ್ದಲ್ಲ.

ಸೀಮೆಸುಣ್ಣದಲ್ಲಿ ಬರೆದ ಶಾಸನ ಇನ್ನೂ ಫಿಲ್ಟರ್ ಮೇಲಿನ ಗೋಡೆಯಲ್ಲಿದೆ, ಮಳೆಗೆ ಅಳಿಸಿದಾಗಲೆಲ್ಲ ಮತ್ತೆ ಬರೆಯುತ್ತಾರೆ. ಮೇಲೆ ಒಂದು ಕಡೆ ಸೂರ್ಯ, ಒಂದು ಕಡೆ ಚಂದ್ರ. ಹೆಡ್‌ಮಿಸ್ ಆಳುವ ಕಾಲದಲ್ಲಿ, ಏಳನೇ ತರಗತಿ ‘ಬಿ’ ವಿಭಾಗದವರು ಹೂಳೆತ್ತಿಸಿದ್ದು, ತೂಬು ಇಡಿಸಿದ್ದು. ಮಣ್ಣು ಹೊತ್ತವರು ಅಂತ 38 ಹೆಸರು, ಒಂದೂ ಬಿಟ್ಟಿಲ್ಲ, ಪ್ಲಂಬರ್ ಅಣ್ಣನ ಹೆಸರೂ ಇದೆ. ಹೆಸರುಗಳನ್ನು ಹಾಕಲೇಬೇಕು ಅಂತ ಹಟ ಹಿಡಿದವಳು ಯಾರು ಅಂತ ನಿಮಗೆ ಗೊತ್ತಾಗಿರುತ್ತೆ. ಬಿತ್ತುವಟ್ಟ, ಸೊಪ್ಪು ಮೂರು ಕಟ್ಟು. ಕೆಳಗೆ ಶಾಪಾಶಯ: ಇದರಲ್ಲಿ ಕಸ ಹಾಕಿದವರಿಗೆ ಒಂದು ತಿಂಗಳು ಪಿ.ಟಿ. ಪಿರಿಯಡ್ ಇಲ್ಲ.

ಕಳೆದ ವಾರ ಹೋದಾಗ ‘ತೂಬು’ ಎಂಬಲ್ಲಿ ಯಾರೋ ‘ತೂಂಬು’ ಅಂತ ತಿದ್ದಿದ್ದರು. ಹಳೆಯ ರೂಪ ಅದು. ಯಾರು ತಿದ್ದಿದ್ದು ಅಂತ ಕೇಳಿದೆ, ಯಾರೂ ಒಪ್ಪಿಕೊಳ್ಳಲಿಲ್ಲ.